ಮಾರ್ಕ್ ಫಿಡ್ರಿಚ್ ಕೈಗೆ ನಿಜವಾಗಿ ಏನಾಯಿತು?

ಹುಣಸೆಮರ:
ನಿನ್ನೆ ರಾತ್ರಿ ಒಂದು ಹಳೇ ಬೇಸ್‌ಬಾಲ್ ಪಂದ್ಯ ನೋಡಿದೆ. 1976ರ ಜೂನ್ 28, ಡೆಟ್ರಾಯಿಟ್ ಟೈಗರ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್. ಟೈಗರ್ಸ್ ಪಿಚರ್ (ಚೆಂಡು ಎಸೆಯುವವನು) ಮಾರ್ಕ್ ಫಿಡ್ರಿಚ್, 21 ವರ್ಷದ ಗುಂಗುರು ಕೂದಲಿನ ಹುಡುಗ. ಎಸೆಯುವ ಮುಂಚೆ ಮಂಡಿಯೂರಿ ಕೂತು, ಎದುರು ತಂಡದ ಪಿಚರ್ ಕಾಲಿಟ್ಟು ಮಾಡಿದ ಗುಳಿಯನ್ನು ಬರಿಗೈಯಲ್ಲೇ ಮುಚ್ಚಿ ಮಣ್ಣು ಸವರುತ್ತಾನೆ. ಆಮೇಲೆ ಚೆಂಡು ಹಿಡಿದು ಏನೋ ಮಾತಾಡುತ್ತಾನೆ. 5-1ಕ್ಕೆ ಗೆದ್ದ ಮೇಲೂ ಜನ ಮನೆಗೆ ಹೋಗಲಿಲ್ಲ, ಅವನು ಮತ್ತೆ ಹೊರಗೆ ಬರುವ ತನಕ ಕೂಗುತ್ತಲೇ ಇದ್ದರು. ಇಂಥವನು ಬರೀ 58 ಪಂದ್ಯಕ್ಕೆ ಹೇಗೆ ಮುಗಿದುಹೋದ? ಜಾಸ್ತಿ ಆಡಿಸಿ ಕೈ ಹಾಳು ಮಾಡಿದರಾ?

ಎಡಗೈ ಬೌಲರ್:
ನನ್ನ ಪ್ರಕಾರ ಹೌದು. ಆ ವರ್ಷ 29 ಪಂದ್ಯ ಶುರು ಮಾಡಿದ, ಅದರಲ್ಲಿ 24 ಪಂದ್ಯ ಕೊನೇ ತನಕ ಅವನೇ ಎಸೆದ. 250 ಇನ್ನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು)! ಇವತ್ತು 21 ವರ್ಷದ ಹುಡುಗನ ಕೈಗೆ ಇಷ್ಟು ಕೆಲಸ ಯಾವ ತಂಡವೂ ಕೊಡುವುದಿಲ್ಲ. 19 ಗೆಲುವು, 9 ಸೋಲು, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಸರಾಸರಿ ಬಿಟ್ಟುಕೊಡುವ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) 2.34. ಸಂಬಳ 16,500 ಡಾಲರ್. ಅವನು ಎಸೆಯುವ ದಿನ ಸ್ಟೇಡಿಯಂ ತುಂಬುತ್ತಿತ್ತು, ಲೆಕ್ಕ ಹಾಕಿ ನೋಡಿ.

ಮಳೆಬಂತು:
ಅಷ್ಟು ಸುಲಭವಾಗಿ ಹೇಳಲು ಆಗುವುದಿಲ್ಲ. 1977ರ ತರಬೇತಿ ವೇಳೆ ಮೊದಲು ಪೆಟ್ಟು ಬಿದ್ದದ್ದು ಮಂಡಿಗೆ, ಆಪರೇಷನ್ ಆಯಿತು. ವಾಪಸ್ ಬಂದು ಚೆನ್ನಾಗಿಯೇ ಆಡುತ್ತಿದ್ದ. ಜುಲೈನಲ್ಲಿ ಒಂದು ಪಂದ್ಯದ ಮಧ್ಯೆ ಕೈಯಲ್ಲಿ ಜೀವವೇ ಇಲ್ಲದ ಹಾಗಾಯಿತು. ಮಂಡಿ ನೋವಿಗೆ ಎಸೆಯುವ ರೀತಿ ಬದಲಾಗಿ ಭುಜದ ಮೇಲೆ ಭಾರ ಬಿತ್ತು ಅಂತ ತುಂಬಾ ಜನ ಹೇಳುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ. ನನಗೆ ಸಂಕಟ ಆಗುವುದು ಬೇರೆ ವಿಷಯಕ್ಕೆ. ಭುಜದ ರೊಟೇಟರ್ ಕಫ್ (ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು) ಹರಿದಿದೆ ಅಂತ ಗೊತ್ತಾಗಿದ್ದು 1985ರಲ್ಲಿ, ಆಟಗಾರರ ಮೂಳೆ ವೈದ್ಯ ಡಾ. ಜೇಮ್ಸ್ ಆಂಡ್ರ್ಯೂಸ್ ನೋಡಿದ ಮೇಲೆ. ಅಷ್ಟರಲ್ಲಿ ಆಟ ಬಿಟ್ಟು ಎರಡು ವರ್ಷ ಆಗಿತ್ತು. ಅಷ್ಟೂ ವರ್ಷ ಆ ಹುಡುಗ ಹರಿದ ಭುಜ ಇಟ್ಟುಕೊಂಡು, ನಾಳೆ ಸರಿಹೋಗಬಹುದು ಅಂತ ಕೆಳಗಿನ ಲೀಗ್‌ಗಳಲ್ಲೂ ಎಸೆಯುತ್ತಲೇ ಇದ್ದ.

ಹುಣಸೆಮರ:
ಅಯ್ಯೋ, ಇದು ಗೊತ್ತಿರಲಿಲ್ಲ. ಆಮೇಲೆ ಏನು ಮಾಡಿದ?

ಮಳೆಬಂತು:
ಮ್ಯಾಸಚೂಸೆಟ್ಸ್‌ನ ನಾರ್ತ್‌ಬರೋ ಅವನ ಊರು. ಅಲ್ಲೇ ಜಮೀನು ತಗೊಂಡಿದ್ದ. ಲಾರಿಯಲ್ಲಿ ಜಲ್ಲಿ, ಮಣ್ಣು ಸಾಗಿಸುತ್ತಿದ್ದ, ಹೆಂಡತಿಯ ಅಮ್ಮನ ಹೋಟೆಲ್‌ನಲ್ಲೂ ಕೈಜೋಡಿಸುತ್ತಿದ್ದ. 2009ರ ಏಪ್ರಿಲ್‌ನಲ್ಲಿ ಅದೇ ಲಾರಿ ರಿಪೇರಿ ಮಾಡುವಾಗ ಅಡಿಯಲ್ಲೇ ತೀರಿಕೊಂಡ. 54 ವರ್ಷ.

ಎಡಗೈ ಬೌಲರ್:
ಒಂದು ಮಾತು ಸೇರಿಸುತ್ತೇನೆ. ಎದುರಾಳಿ ಬ್ಯಾಟಿನಲ್ಲಿ ಹೊಡೆದು ಬೇಸ್ ತಲುಪಿದರೆ (ಅದು ಹಿಟ್) ಆ ಚೆಂಡನ್ನು ಫಿಡ್ರಿಚ್ ಅಂಪೈರ್‌ಗೆ ವಾಪಸ್ ಕೊಟ್ಟು ಬೇರೆ ಕೇಳುತ್ತಿದ್ದ. ಆ ಚೆಂಡು ಚೀಲಕ್ಕೆ ಹೋಗಿ ಬೇರೆ ಚೆಂಡುಗಳ ಜೊತೆ ಇದ್ದು ಸರಿಹೋಗಲಿ ಅಂತ. ಮುಂದಿನ ಸಲ ವಿಡಿಯೊ ನೋಡುವಾಗ ಅದನ್ನು ಗಮನಿಸಿ.