ಕೇಂಬ್ರಿಜ್ ಯೂನಿವರ್ಸಿಟಿ ಬೊಟಾನಿಕ್ ಗಾರ್ಡನ್: ಜನವರಿಯಲ್ಲಿ ಹೋದರೆ ನೋಡಲು ಏನಿರುತ್ತೆ?

ತುಂಬೆಹೂ: ಜನವರಿ ಮಧ್ಯದಲ್ಲಿ ಅಪ್ಪ ಅಮ್ಮನನ್ನು ಲಂಡನ್‌ನಿಂದ ಕರ್ಕೊಂಡು ಹೋಗೋ ಯೋಚನೆ. ಅಪ್ಪ ಸಸ್ಯಶಾಸ್ತ್ರದ ಮೇಷ್ಟ್ರು. ಮರಗಳೆಲ್ಲ ಬೋಳಾಗಿರೋ ಕಾಲದಲ್ಲಿ ಹೋಗೋದು ದಂಡವಾ? ಮೂರು ಗಂಟೆ ಸಮಯ ಇದೆ, ಎಲ್ಲಿಂದ ಶುರು ಮಾಡೋದು?

ಹೊಂಗೆನೆರಳು: ಖಂಡಿತ ದಂಡ ಅಲ್ಲ. ಅಲ್ಲಿನ ವಿಂಟರ್ ಗಾರ್ಡನ್‌ಗೆ ಅದೇ ಸರಿಯಾದ ತಿಂಗಳು. ಅಲ್ಲಿ ನೋಡಬೇಕಾದ್ದು ಹೂವಿಗಿಂತ ಕಾಂಡ. ಕಾರ್ನಸ್ 'ಮಿಡ್‌ವಿಂಟರ್ ಫೈರ್' ಅನ್ನೋ ಪೊದೆಯ ಕಾಂಡ ಬುಡದಲ್ಲಿ ಹಳದಿ, ತುದಿಗೆ ಹೋಗ್ತಾ ಕೆಂಪು. ರೂಬಸ್ ಅನ್ನೋ ಮುಳ್ಳುಪೊದೆಯ ಕಡ್ಡಿಗಳು ಸುಣ್ಣ ಬಳಿದಷ್ಟು ಬಿಳಿ. ಈ ಬಣ್ಣ ಗಾಢವಾಗಿರೋದು ಎಳೆ ರೆಂಬೆಯಲ್ಲಿ. ಅದಕ್ಕೇ ಚಳಿಗಾಲ ಮುಗಿಯೋ ಹೊತ್ತಿಗೆ ಬುಡದವರೆಗೂ ಸವರಿಬಿಡ್ತಾರೆ, ಆಮೇಲೆ ಹೋದವರಿಗೆ ಮೋಟು ಮಾತ್ರ. ಅಲ್ಲಿ ಆಗ ಸೂರ್ಯ ಮಧ್ಯಾಹ್ನವೂ ತೀರಾ ಕೆಳಗಿರ್ತಾನೆ. ಬಿಸಿಲಿಗೆ ಎದುರಾಗಿ ನಿಂತು, ಕಡ್ಡಿಗಳ ನಡುವೆ ಬೆಳಕು ಹಾಯೋ ಹಾಗೆ ನೋಡಿ. ಸಾರ್ಕೊಕೊಕ್ಕ ಅನ್ನೋ ಗಿಡ್ಡ ಪೊದೆಯ ಹೂವು ಕಣ್ಣಿಗೆ ಬೀಳೋದೇ ಕಷ್ಟ, ಪರಿಮಳ ಮಾತ್ರ ದೂರಕ್ಕೂ ಬರುತ್ತೆ, ಗಾಳಿ ಜೋರಿಲ್ಲದಿದ್ದರೆ. ಸ್ಟೇಷನ್ ರೋಡ್ ಗೇಟಿಂದ ಒಳಗೆ ಹೋಗಿ, ರೈಲ್ವೆ ಸ್ಟೇಷನ್ನಿಂದ ಹತ್ತು ನಿಮಿಷದ ನಡಿಗೆ. ಗಾಜಿನ ಮನೆ ಕೊನೆಗಿರಲಿ.

ಕಳ್ಳಿಗಿಡ: ಗಾಜಿನ ಮನೆ ಕೊನೆಗೆ ಬೇಡ. ಜನವರಿಯಲ್ಲಿ ತೋಟ 10ರಿಂದ 4ರವರೆಗೆ, ಗಾಜಿನ ಮನೆಗಳನ್ನು ಅದಕ್ಕೂ ಅರ್ಧ ಗಂಟೆ ಮುಂಚೆ ಮುಚ್ತಾರೆ. ಹಿರಿಯರಿಗೆ ಚಳಿ ಹತ್ತೋದು ಅರ್ಧ ದಾರಿಯಲ್ಲೇ, ಆಗಲೇ ಒಳಗೆ ಕರ್ಕೊಂಡು ಹೋಗಿ. ಫೋಟೋ ತೆಗೆಯೋದಾದರೆ, ತಣ್ಣಗಿರೋ ಕ್ಯಾಮೆರಾ ಲೆನ್ಸ್ ಮೇಲೆ ಒಳಗಿನ ಆವಿ ತಕ್ಷಣ ಕೂರುತ್ತೆ. ಒರೆಸಿದರೆ ಮತ್ತೆ ಕೂರುತ್ತೆ. ಕ್ಯಾಮೆರಾನ ಬ್ಯಾಗಿಂದ ತೆಗೀದೆ 15–20 ನಿಮಿಷ ಬಿಡಿ, ಅಷ್ಟರಲ್ಲಿ ಒಣ ಹವೆಯ ಕೋಣೆಯ ಕಳ್ಳಿಗಳನ್ನು ನೋಡಿಕೊಂಡು ಬನ್ನಿ.

ಬೇರುಬಿಳಲು: ಮೇಷ್ಟ್ರಿಗೆ ಮುಖ್ಯ ದಾರಿಯ ಕಪ್ಪು ಪೈನ್ ಮರಗಳನ್ನು ತಪ್ಪದೆ ತೋರಿಸಿ. ಎಲ್ಲವೂ ಒಂದೇ ಪ್ರಭೇದ, ಪೈನಸ್ ನೈಗ್ರಾ, ಆದರೆ ಒಂದು ನೆಟ್ಟಗೆ ಬೆಳೆದಿದ್ದರೆ ಇನ್ನೊಂದು ಕೆಳಗಿನಿಂದಲೇ ಕವಲೊಡೆದಿದೆ. 1846ರಲ್ಲಿ ತೆರೆದ ಈ ತೋಟದ ರೂವಾರಿ ಹೆನ್ಸ್ಲೋ, ಡಾರ್ವಿನ್‌ಗೆ ಪಾಠ ಹೇಳಿದವರು. ಒಂದೇ ಪ್ರಭೇದದೊಳಗೆ ಎಷ್ಟು ವ್ಯತ್ಯಾಸ ಸಾಧ್ಯ ಅನ್ನೋದು ಹೆನ್ಸ್ಲೋ ಅವರ ದೊಡ್ಡ ಆಸಕ್ತಿ, ಆ ಮರಗಳಲ್ಲಿ ಅದು ಕಣ್ಣೆದುರಿಗೇ ಇದೆ. ಗಿಡಗಳನ್ನು ಸಸ್ಯಕುಟುಂಬವಾರು ನೆಡೋ ಮಡಿಗಳು ಜನವರಿಯಲ್ಲಿ ಹೆಚ್ಚುಕಮ್ಮಿ ಖಾಲಿ. ಆದರೂ ಸ್ವಿಸ್ ಸಸ್ಯಶಾಸ್ತ್ರಜ್ಞ ಡಿ ಕಾಂಡೊಲ್ ಅವರ ವರ್ಗೀಕರಣದಂತೆ ಹಾಕಿದ ವಿನ್ಯಾಸ ಬರಿ ನೆಲದಲ್ಲೇ ಚೆನ್ನಾಗಿ ಅರ್ಥವಾಗುತ್ತೆ: ಬೇಲಿಗಿಡದ ಒಳಗೆ ನಡುವಿನಲ್ಲಿ ಏಕದಳ, ಸುತ್ತ ದ್ವಿದಳ. ಹಿಮ ಬಿದ್ದ ಬೆಳಿಗ್ಗೆ ಕೆರೆಪಕ್ಕದ ಕಲ್ಲುತೋಟದ ಮೆಟ್ಟಿಲು ಜಾರುತ್ತೆ, ಅಮ್ಮನವರನ್ನು ಅತ್ತ ಹತ್ತಿಸಬೇಡಿ.