ವಕೀಲರಿಗೆ ಕೇಳಿ: ಫುಟ್‌ಪಾತ್ ಮೇಲೆ ಗಾಡಿ ಹತ್ತಿಸಿದರೆ ಕಾನೂನು ಏನು ಹೇಳುತ್ತದೆ?

ಅಡ್ಮಿನ್: ಈ ವಾರ ನಮ್ಮ ಗುಂಪಿನ ವಕೀಲೆ ಮೇಡಂ ಉತ್ತರ ಕೊಡುತ್ತಾರೆ. ಕಾರವಾರದಲ್ಲಿ ಅಪಘಾತ ಪರಿಹಾರದ ಕೇಸುಗಳನ್ನೇ ಜಾಸ್ತಿ ನಡೆಸುವವರು. ಅಂಕೋಲಾ, ಕುಮಟಾ, ಸಿರ್ಸಿ, ಎಲ್ಲಿಂದ ಬೇಕಾದರೂ ಕೇಳಿ. ಗಾಡಿ ನಂಬರ್, ಜನರ ಹೆಸರು ಹಾಕಬೇಡಿ.

ಕಾಜುಬಾಗದಿಂದ: ಮೇಡಂ ನಮಸ್ಕಾರ. ಶಾಲೆ ಬಿಡುವ ಹೊತ್ತಿಗೆ ರಸ್ತೆ ಜಾಮ್ ಆದ ಕೂಡಲೇ ಸ್ಕೂಟರ್‌ನವರು ಫುಟ್‌ಪಾತ್ ಹತ್ತುತ್ತಾರೆ. ಹಿಂದಿನಿಂದ ಹಾರ್ನ್ ಬೇರೆ. ನಾವೇ ಕೆಳಗಿಳಿದು ದಾರಿ ಬಿಡಬೇಕು. ಇದಕ್ಕೆ ದಂಡ ಅಂತ ಇದೆಯಾ?

ವಕೀಲೆ: ನಮಸ್ಕಾರ. ಇದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಫುಟ್‌ಪಾತ್ ಮೇಲೆ ಗಾಡಿ ಓಡಿಸುವಂತಿಲ್ಲ. ಆ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 177ಎ ಕಲಂ, 500ರಿಂದ 1,000 ರೂಪಾಯಿ ದಂಡ. ಜನರಿಗೆ ಅಪಾಯ ಆಗುವ ಹಾಗೆ ಓಡಿಸಿದರೆ 184ನೇ ಕಲಂ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಅಥವಾ 1,000ದಿಂದ 5,000 ದಂಡ, ಅಥವಾ ಎರಡೂ. ನೀವು ಇಳಿದು ದಾರಿ ಬಿಡಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ.

ಬೈತಖೋಲದಿಂದ: ಎಲ್ಲರಿಗೂ ಕಳಿಸಿ. "ಫುಟ್‌ಪಾತ್ ಮೇಲೆ ಗಾಡಿ ಓಡಿಸಿದರೆ ಹತ್ತು ಸಾವಿರ ದಂಡ. ಫೋಟೋ ಕಳಿಸಿದವರ ಖಾತೆಗೆ ಅರ್ಧ ಹಣ. ಫುಟ್‌ಪಾತ್ ಮೇಲೆ ನಿಲ್ಲಿಸಿದ ಗಾಡಿಯ ಗಾಳಿ ತೆಗೆಯಲು ಸುಪ್ರೀಂ ಕೋರ್ಟ್ ಜನರಿಗೆ ಅಧಿಕಾರ ಕೊಟ್ಟಿದೆ."

ವಕೀಲೆ: ದಯವಿಟ್ಟು ಯಾರಿಗೂ ಕಳಿಸಬೇಡಿ. ದಂಡ ಎಷ್ಟು ಅಂತ ಮೇಲೆ ಬರೆದಿದ್ದೇನೆ. ಅರ್ಧ ಹಣ ಕೊಡುವ ಕಲಂ ಕಾಯ್ದೆಯಲ್ಲಿ ಇಲ್ಲ. ಗಾಳಿ ತೆಗೆದರೆ ನಿಮ್ಮ ಮೇಲೆಯೇ ಕೇಸ್ ಆಗುತ್ತದೆ, ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ, ಬೇರೆಯವರ ಸೊತ್ತು ಹಾಳು ಮಾಡಿದ್ದಕ್ಕೆ. ಸುಪ್ರೀಂ ಕೋರ್ಟ್ 2025ರ ಮೇ 14ರಂದು ಹೇಳಿದ್ದು ಬೇರೆ. ಒಳ್ಳೆಯ ಫುಟ್‌ಪಾತ್ ಸಿಗುವುದು ನಡೆಯುವವರ ಹಕ್ಕು, ಅದು ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ, ಭಾಗ ಎಂದಿತು. ಆ ಒಳ್ಳೆಯ ಮಾತು ಯಾರ ಫೋನಿಗೂ ಬರುವುದಿಲ್ಲ, ಗಾಳಿ ತೆಗೆಯುವ ಸುಳ್ಳು ಮಾತ್ರ ಬರುತ್ತದೆ.

ಅಂಕೋಲಾದಿಂದ: ನಮ್ಮ ಮನೆ ಮುಂದೆ ಚರಂಡಿ ಮೇಲಿನ ಸ್ಲ್ಯಾಬ್ ಮುರಿದಿದೆ. ಅದೇ ನಮಗೆ ಫುಟ್‌ಪಾತ್. ಮಳೆಗಾಲದಲ್ಲಿ ನೀರು ತುಂಬಿದರೆ ಹೊಂಡ ಕಾಣುವುದೇ ಇಲ್ಲ. ಯಾರಾದರೂ ಬಿದ್ದರೆ ಯಾರ ಮೇಲೆ ಕೇಸ್ ಹಾಕಬಹುದು?

ಕೋಡಿಬಾಗದಿಂದ: ಮೇಡಂ, ನಮ್ಮ ಅತ್ತೆಗೆ 68 ವರ್ಷ. ಅಬ್ಬಲಿಗೆ ಹೂವಿನ ದಂಡೆ ಕಟ್ಟಿ ಮಾರುತ್ತಾರೆ. ಮೂರು ವಾರದ ಹಿಂದೆ ಬೆಳಿಗ್ಗೆ ಬುಟ್ಟಿ ಹಿಡಿದು ಫುಟ್‌ಪಾತ್ ಮೇಲೆಯೇ ಹೋಗುತ್ತಿದ್ದರು. ಲಾರಿ ಅಡ್ಡ ನಿಂತಿತ್ತು ಅಂತ ಒಬ್ಬ ಹುಡುಗ ಸ್ಕೂಟರನ್ನು ಫುಟ್‌ಪಾತ್ ಮೇಲೆ ತಂದ. ಸ್ಕೂಟರಿನ ಪಕ್ಕದ ಗಾರ್ಡ್ ತಾಗಿತು. ಸ್ಲ್ಯಾಬ್ ಎತ್ತಲು ಬಿಟ್ಟಿರುವ ಕಬ್ಬಿಣದ ಬಳೆಗೆ ಸೀರೆ ಸಿಕ್ಕಿ ಅತ್ತೆ ಸೊಂಟದ ಮೇಲೆ ಬಿದ್ದರು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿದೆ. ಆಪರೇಷನ್ ಆಯಿತು. ಹುಡುಗನಿಗೆ 17, ಗಾಡಿ ಅವನ ಮಾವನದು. ಆ ಮಾವನೇ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ನಾವು ಮುಟ್ಟುವುದರೊಳಗೆ "ಮನೆಯಲ್ಲಿ ಜಾರಿ ಬಿದ್ದರು" ಅಂತ ಬರೆಸಿಬಿಟ್ಟಿದ್ದರು. ಖರ್ಚೆಲ್ಲ ನಮ್ಮದು, ಪೊಲೀಸ್ ಬೇಡ ಅಂದರು. 20 ಸಾವಿರ ಕೊಟ್ಟರು. ಈಗ ಫೋನ್ ಎತ್ತುವುದಿಲ್ಲ. ಇನ್ನು ಏನಾದರೂ ಮಾಡಲಿಕ್ಕಾಗುತ್ತದಾ?

ಬೈತಖೋಲದಿಂದ: 24 ಗಂಟೆ ಒಳಗೆ ಎಫ್‌ಐಆರ್ ಆಗದಿದ್ದರೆ ಕೇಸ್ ನಿಲ್ಲುವುದಿಲ್ಲ. ನನಗೆ ಬಂದ ಮೆಸೇಜಿನಲ್ಲಿ ಸ್ಪಷ್ಟ ಇದೆ.

ವಕೀಲೆ: ಬೈತಖೋಲದವರೇ, ಅದೂ ತಪ್ಪು. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕಾದವನು ಗುದ್ದಿದ ಚಾಲಕ, ಮೋಟಾರು ವಾಹನ ಕಾಯ್ದೆಯ 134ನೇ ಕಲಂ. ಗಾಯ ಆದವರಿಗೆ ಆ ಗಡುವು ಇಲ್ಲ. ಇಂಥ ಮೆಸೇಜ್ ನಂಬಿ ಎಷ್ಟು ಜನ ಸುಮ್ನೆ ಮನೆಯಲ್ಲಿ ಕೂತಿದ್ದಾರೆ ಅಂತ ನಾನು ಆಫೀಸಿನಲ್ಲಿ ನೋಡುತ್ತಲೇ ಇರುತ್ತೇನೆ.

ಕೋಡಿಬಾಗದವರೇ, ಇದನ್ನು ನಿಧಾನ ಓದಿ, ಮನೆಯವರಿಗೂ ಓದಿ ಹೇಳಿ. ನಿಮ್ಮ ಕೇಸ್ ಮುಗಿದಿಲ್ಲ. ಆದರೆ ಇನ್ನು ಒಂದು ದಿನವೂ ಬಿಡಬೇಡಿ.

ನನಗೆ ಜಾಸ್ತಿ ಚಿಂತೆ ಇರುವುದು ಆ "ಮನೆಯಲ್ಲಿ ಜಾರಿ ಬಿದ್ದರು" ಎಂಬ ಸಾಲಿನ ಬಗ್ಗೆ. ಇನ್ಶೂರೆನ್ಸ್ ವಕೀಲರು ಮೊದಲು ಹಿಡಿದು ನಿಲ್ಲುವುದೇ ಆ ಕಾಗದ. ಅದನ್ನು ತಿದ್ದಿ ಕೊಡಿ ಅಂತ ಆಸ್ಪತ್ರೆಯವರನ್ನು ಕೇಳಬೇಡಿ. ತಿದ್ದಿದ ಕಾಗದ ನಿಮ್ಮನ್ನೇ ಮುಳುಗಿಸುತ್ತದೆ. ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ತಾರೀಖು, ಹೊತ್ತು, ಜಾಗ, ಗಾಡಿ ನಂಬರ್, ಯಾರು ಕರೆತಂದರು, ಮೊದಲ ಮಾಹಿತಿ ಕೊಟ್ಟವರು ಯಾರು. ಆಪರೇಷನ್ ಮಾಡಿದ ಡಾಕ್ಟರಿಗೆ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಆಮೇಲೆ ಠಾಣೆ. ಅತ್ತೆ ಏಳಲಾರರು, ಹಾಗಾಗಿ ನಿಮ್ಮ ಯಜಮಾನರು ದೂರು ಕೊಡಲಿ. ಮೂರು ವಾರ ಯಾಕೆ ತಡ ಆಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆಯಲಿ. ಆಪರೇಷನ್, ಆರೈಕೆ, ಖರ್ಚು ಕೊಡುತ್ತೇವೆ ಎಂಬ ಮಾತು, ಎಲ್ಲ. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿ ತಳ್ಳಿಹಾಕಬಾರದು, ತಡಕ್ಕೆ ಸರಿಯಾದ ಕಾರಣ ಇದೆಯಾ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ನ್ಯಾಯ ಸಂಹಿತೆಯ 281 (ಅಡ್ಡಾದಿಡ್ಡಿ ಓಡಿಸಿದ್ದಕ್ಕೆ) ಮತ್ತು 125(ಬಿ) (ಅದರಿಂದ ತೀವ್ರ ಗಾಯ ಆದದ್ದಕ್ಕೆ) ಬರುತ್ತವೆ.

ಇವತ್ತೇ ಆಗಬೇಕಾದ್ದು ಸಿಸಿಟಿವಿ. ಅಂಗಡಿಗಳ ರೆಕಾರ್ಡರಿನಲ್ಲಿ ಹಳೆಯದು ಅಳಿಸಿ ಹೊಸದು ತುಂಬುತ್ತಾ ಹೋಗುತ್ತದೆ. ಮೂರು ವಾರದ್ದು ಉಳಿದಿದ್ದರೆ ಅದೃಷ್ಟ. ಸಿಕ್ಕರೆ ಪೆನ್‌ಡ್ರೈವಿಗೆ ತೆಗೆಸಿಕೊಳ್ಳಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಸರ್ಟಿಫಿಕೇಟ್ ಬೇಕು, ಅದನ್ನು ಆಮೇಲೆ ನೋಡೋಣ. ಅಲ್ಲಿ ಇದ್ದವರನ್ನೂ ಮಾತಾಡಿಸಿ.

ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ 6 ತಿಂಗಳ ಮಿತಿ ಕಾನೂನಿನಲ್ಲಿದೆ. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಅದನ್ನು ನಂಬಿ ಕೂರಬೇಡಿ. ತಪ್ಪು ಯಾರದು ಅಂತ ಸಾಬೀತು ಮಾಡದೆ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಸಿಗುವ ದಾರಿ ಇದೆ, ಮೋಟಾರು ವಾಹನ ಕಾಯ್ದೆಯ 164ನೇ ಕಲಂ. ತಪ್ಪು ಸಾಬೀತು ಮಾಡಿ ಪೂರ್ತಿ ನಷ್ಟ ಕೇಳುವುದು 166. ಯಾವುದಾದರೂ ಒಂದೇ. ಅತ್ತೆಯ ಹೂವಿನ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಸಂಬಳದ ಚೀಟಿ ಇಲ್ಲ ಅಂತ ಹೆದರಬೇಡಿ. ದಿನಾ ಅವರಿಂದ ದಂಡೆ ತೆಗೆದುಕೊಳ್ಳುವವರು ಸಾಕ್ಷಿ ಹೇಳಬಹುದು.

ಹುಡುಗನಿಗೆ ಲೈಸೆನ್ಸ್ ಇಲ್ಲ ಅಂತ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ, ಖಂಡಿತ. ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ಇಂಥ ಕೇಸುಗಳಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲಿ ಎಂದು ಕೋರ್ಟುಗಳು ಹೇಳುತ್ತಾ ಬಂದಿವೆ. ಗಾಡಿಗೆ ಇನ್ಶೂರೆನ್ಸೇ ಇರದಿದ್ದರೆ ಮಾಲೀಕನೇ ಕೊಡಬೇಕು.

ಸ್ಟಾಂಪ್ ಪೇಪರ್ ಹಿಡಿದು ಯಾರಾದರೂ ರಾಜಿಗೆ ಬಂದರೆ ಸಹಿ ಹಾಕಬೇಡಿ, ಅತ್ತೆಯ ಹೆಬ್ಬೆಟ್ಟೂ ಒತ್ತಿಸಬೇಡಿ.

ಹಬ್ಬುವಾಡಾದಿಂದ: ಎಲ್ಲ ಸರಿ ಮೇಡಂ, ಆದರೆ 17 ವರ್ಷದ ಹುಡುಗ. ಪಿಯುಸಿ ಓದುತ್ತಿರಬಹುದು. ಅವನ ಭವಿಷ್ಯ ಹಾಳು ಮಾಡಿ ಏನು ಸಿಗುತ್ತದೆ? ಒಂದೇ ಊರಿನವರು, ಕೂತು ಮಾತಾಡಿ ಮುಗಿಸಬಹುದಲ್ವಾ.

ಕೋಡಿಬಾಗದಿಂದ: ಕೂತು ಮಾತಾಡಿದ್ದೇವೆ ಅಣ್ಣ. ಅದಕ್ಕೇ ಮೂರು ವಾರ ಹೋಯಿತು.

ವಕೀಲೆ: ಹಬ್ಬುವಾಡಾದವರೇ, ಹುಡುಗನನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಅವನ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಕೀ ಕೊಟ್ಟ ದೊಡ್ಡವರಿಗೆ ಮೋಟಾರು ವಾಹನ ಕಾಯ್ದೆಯ 199ಎ ಇದೆ. 3 ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. 68 ವರ್ಷದ ಹೆಂಗಸಿಗೆ ಸೊಂಟ ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಎಷ್ಟು ಕಷ್ಟ ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಅವರ ಭವಿಷ್ಯವೂ ಭವಿಷ್ಯವೇ.

ಸಿರ್ಸಿಯಿಂದ, ಅಂಗಡಿಯವರು: ನಮ್ಮ ಅಂಗಡಿ ಮುಂದಿನ ಫುಟ್‌ಪಾತ್ ಮೇಲೆ ಬೆಳಗಿನಿಂದ ಸಂಜೆವರೆಗೆ ಬೈಕ್ ನಿಲ್ಲಿಸುತ್ತಾರೆ. ಸಂತೆ ದಿನ ಕೇಳುವುದೇ ಬೇಡ. ನಾನೇ ಸಿಮೆಂಟಿನ ಕುಂಡ ಇಡಿಸಬಹುದಾ?

ವಕೀಲೆ: ಬೇಡ. ನೀವು ಇಟ್ಟ ಕುಂಡವೂ ಅಡ್ಡಿಯೇ. ನ್ಯಾಯ ಸಂಹಿತೆ 285, 5,000ದವರೆಗೆ ದಂಡ. ನಗರಸಭೆಗೂ ಟ್ರಾಫಿಕ್ ಪೊಲೀಸರಿಗೂ ಲಿಖಿತವಾಗಿ ಕೊಡಿ.

ನಿವೃತ್ತ ಮಾಸ್ತರರು, ಕಾರವಾರ: ಸ್ಕೂಟರಿನ ಮಾತು ಆಯಿತು. ಸೈಕಲಿನವರದ್ದು ಯಾರೂ ಎತ್ತುವುದಿಲ್ಲ. ಬೀಚ್ ಕಡೆ ಬೆಳಿಗ್ಗೆ ವಾಕಿಂಗ್ ಹೋದರೆ ಹೆಲ್ಮೆಟ್ ಹಾಕಿದ ದೊಡ್ಡ ದೊಡ್ಡವರು ಫುಟ್‌ಪಾತ್ ಮೇಲೆಯೇ ಬರುತ್ತಾರೆ. ಬೆಲ್ಲೂ ಇಲ್ಲ. ಗಾಳಿ ಸದ್ದಿಗೆ ಹಿಂದೆ ಬಂದದ್ದು ಗೊತ್ತಾಗುವುದಿಲ್ಲ.

ಸೈಕಲ್ ಸವಾರರು, ಕಾರವಾರ: ಮಾಸ್ತರೇ, ಹೈವೇ 66ರಲ್ಲಿ ಒಮ್ಮೆ ಸೈಕಲ್ ಹೊಡೆದು ನೋಡಿ. ಟ್ಯಾಂಕರ್ ಭುಜ ಸವರಿಕೊಂಡು ಹೋಗುತ್ತದೆ. ಸೈಕಲಿಗೆ ಅಂತ ಜಾಗ ಎಲ್ಲಿದೆ? ಸಾಯಬೇಕಾ ನಾವು?

ನಿವೃತ್ತ ಮಾಸ್ತರರು: ನೀವು ಸಾಯಬಾರದು ಅಂತ ನಾವು ಬೀಳಬೇಕಾ?

ಸೈಕಲ್ ಸವಾರರು: ಸೈಕಲ್ ಗುದ್ದಿ ಸೊಂಟ ಮುರಿದವರನ್ನು ನಾನಂತೂ ನೋಡಿಲ್ಲ. ಅಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಅರ್ಧ ಫುಟ್‌ಪಾತ್ ಹಿಡಿದು ಕೂರುವವರನ್ನು ಯಾರೂ ಕೇಳುವುದಿಲ್ಲ.

ಮಾಜಾಳಿಯಿಂದ: ಬಾಯಿಗೆ ಬಂದದ್ದು ಬರೆಯಬೇಡಿ. ನನ್ನ ತಾಯಿ ಮೀನು ಮಾರಿಯೇ ನನ್ನನ್ನು ಓದಿಸಿದ್ದು. ಅವರು ಯಾರ ಮೈಮೇಲೂ ಹೋಗಿ ಬಿದ್ದಿಲ್ಲ.

ಸೈಕಲ್ ಸವಾರರು: ನಿಮ್ಮ ತಾಯಿಗೆ ಹೇಳಿದ್ದಲ್ಲ ಮಾರಾಯ್ರೆ.

ಮಾಜಾಳಿಯಿಂದ: ಮತ್ತೆ ಯಾರ ತಾಯಿಗೆ ಹೇಳಿದ್ದು?

ಅಡ್ಮಿನ್: ಇಬ್ಬರೂ ಇಲ್ಲಿಗೆ ಬಿಡಿ. ಪ್ರಶ್ನೆ ಇದ್ದರೆ ಕೇಳಿ.

ವಕೀಲೆ: ಸೈಕಲ್ ಬಗ್ಗೆ. ಅದು ಮೋಟಾರು ವಾಹನ ಅಲ್ಲ, ಹಾಗಾಗಿ ಇನ್ಶೂರೆನ್ಸ್ ಇಲ್ಲ, ಕ್ಲೇಮ್ ಕೇಸೂ ಇಲ್ಲ. ಆದರೆ ನ್ಯಾಯ ಸಂಹಿತೆಯ 281 "ಯಾವುದೇ ವಾಹನ"ಕ್ಕೆ ಬರುತ್ತದೆ. ಸೈಕಲ್ ಗುದ್ದಿ ಗಾಯ ಆದರೂ ಕ್ರಿಮಿನಲ್ ಕೇಸ್ ಆಗಬಹುದು. ನಷ್ಟ ಬೇಕೆಂದರೆ ಸಿವಿಲ್ ದಾವೆ ಹಾಕಬೇಕು. ಹೈವೇಯಲ್ಲಿ ಸೈಕಲಿಗೆ ಜಾಗ ಇಲ್ಲ ಅನ್ನುವುದು ನಿಜವಾದ ದುಃಖ, ಅದಕ್ಕೆ ನಾನೂ ನಿಮ್ಮ ಜೊತೆ ಅರ್ಜಿಗೆ ಸಹಿ ಹಾಕುತ್ತೇನೆ. ಆದರೆ ಲಾರಿಯಿಂದ ನಿಮಗೆ ಆಗುವ ಹೆದರಿಕೆಯನ್ನೇ ನೀವು ಮಾಸ್ತರರಿಗೆ ಕೊಡುತ್ತಿದ್ದೀರಿ. ಜನ ಇರುವ ಕಡೆ ಇಳಿದು ತಳ್ಳಿಕೊಂಡು ಹೋಗಿ. ಮೀನು ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಅವರ ಜಾಗ ಗುರುತಿಸಲು ಪಟ್ಟಣ ಮಾರಾಟ ಸಮಿತಿ ಇದೆ. ಅದನ್ನು ಇಲ್ಲಿ ತರಬೇಡಿ.

ಸಿರ್ಸಿಯಿಂದ, ಕಾಲೇಜು ವಿದ್ಯಾರ್ಥಿ: ನನ್ನದು ಬ್ಯಾಟರಿ ಸೈಕಲ್. ನಂಬರ್ ಪ್ಲೇಟ್ ಇಲ್ಲ. ಅದು ಯಾವ ಲೆಕ್ಕ?

ವಕೀಲೆ: ಮೋಟಾರ್ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಮೀರದಿದ್ದರೆ ಮಾತ್ರ ಸೈಕಲಿನ ಲೆಕ್ಕ. ವೇಗದ ಮಿತಿ ಬಿಚ್ಚಿಸಿದ್ದರೆ ಅದು ಮೋಟಾರು ವಾಹನ. ನೋಂದಣಿ, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ಬೇಕು. ಎರಡರಲ್ಲಿ ಯಾವುದಾದರೂ ಫುಟ್‌ಪಾತ್‌ಗೆ ತರಬೇಡಿ.

ಕುಮಟಾದಿಂದ: ಮೇಡಂ, ಫುಟ್‌ಪಾತ್ ಮೇಲೆ ಬೈಕ್ ಓಡಿಸಿದರೆ ಎಷ್ಟು ದಂಡ?

ವಕೀಲೆ: ಮೊದಲ ಉತ್ತರ ನೋಡಿ.

ಅಂಕೋಲಾದಿಂದ: ಸ್ಲ್ಯಾಬಿನದ್ದು ಕೇಳಿದ್ದೆ.

ಕಾಜುಬಾಗದಿಂದ: ಗುದ್ದಿ ಓಡಿಹೋದರೆ, ನಂಬರ್ ಸಿಗದಿದ್ದರೆ?

ವಕೀಲೆ: ಮೋಟಾರು ವಾಹನ ಕಾಯ್ದೆಯ 161ನೇ ಕಲಂ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಪೊಲೀಸ್ ದೂರು ಬೇಕು.

ಹಬ್ಬುವಾಡಾದಿಂದ: ಈಗೆಲ್ಲ ಒಂದೂವರೆ ಲಕ್ಷದವರೆಗೆ ಆಸ್ಪತ್ರೆ ಖರ್ಚು ಸರಕಾರವೇ ಕೊಡುತ್ತದಲ್ಲ. ಮತ್ತೆ ಕೇಸ್ ಯಾಕೆ? ವಕೀಲರಿಗೂ ಕೆಲಸ ಬೇಕು ಅನ್ನಿ.

ವಕೀಲೆ: ಆ ಯೋಜನೆ 2025ರ ಮೇ ತಿಂಗಳಲ್ಲಿ ಬಂದಿದೆ, ಹೌದು. ಅಪಘಾತ ಆದ ದಿನದಿಂದ 7 ದಿನದ ಚಿಕಿತ್ಸೆಗೆ, ಒಂದೂವರೆ ಲಕ್ಷದವರೆಗೆ. ಆದರೆ ಅದು ರಸ್ತೆ ಅಪಘಾತ ಅಂತ ದಾಖಲಾಗಬೇಕು. ಮನೆಯಲ್ಲಿ ಜಾರಿ ಬಿದ್ದರು ಅಂತ ಬರೆಸಿದ ಕೂಡಲೇ ಆ ದುಡ್ಡೂ ಹೋಯಿತು. ನಿಮ್ಮ ಕೊನೆಯ ಮಾತಿಗೆ ಉತ್ತರ ಕೊಡುವುದಿಲ್ಲ.

ಮಾಜಾಳಿಯಿಂದ: ಹಬ್ಬುವಾಡಾದವರೇ, ಆ ಹುಡುಗ ನಿಮಗೆ ಏನಾಗಬೇಕು?

ಅಡ್ಮಿನ್: ಹೊಸ ಪ್ರಶ್ನೆ ಇವತ್ತಿಗೆ ಸಾಕು. ಕೋಡಿಬಾಗದವರು ಮಾತ್ರ ಬರೆಯಿರಿ.

ಕೋಡಿಬಾಗದಿಂದ: ಮೇಡಂ, ನಮ್ಮ ಯಜಮಾನರು ಆಸ್ಪತ್ರೆಗೆ ಹೋಗಿ ಬಂದರು. ಕಾಗದ ತೆಗೆದುಕೊಳ್ಳುತ್ತೇವೆ, ಸೀಲು ಹಾಕುವುದಿಲ್ಲ ಅಂದರಂತೆ. ಎದುರಿನ ಚಹಾ ಅಂಗಡಿಯವರು ನೋಡಿದ್ದಾರೆ, ಕೋರ್ಟ್ ಅಂದರೆ ಹೆದರುತ್ತಾರೆ. ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ 30 ದಿನದ್ದು ಇರುತ್ತದಂತೆ. ಪೊಲೀಸರು ಕೇಳಿದರೆ ಕೊಡುತ್ತೇವೆ ಅಂದರು.

ವಕೀಲೆ: ಹಾಗಾದರೆ ತಡ ಮಾಡಬೇಡಿ. ಆಸ್ಪತ್ರೆಗೆ ಅದೇ ಕಾಗದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಜೋಪಾನ. ನಾಳೆ ಬೆಳಿಗ್ಗೆ ಯಜಮಾನರು ಠಾಣೆಗೆ ಹೋಗಲಿ. ದೂರಿನಲ್ಲೇ ಔಷಧಿ ಅಂಗಡಿಯ ಕ್ಯಾಮೆರಾ ವಿಷಯ ಬರೆದು, ದೃಶ್ಯ ಅಳಿಯುವ ಮೊದಲು ವಶಕ್ಕೆ ಪಡೆಯಿರಿ ಅಂತ ಕೇಳಲಿ. ಚಹಾ ಅಂಗಡಿಯವರನ್ನು ಒತ್ತಾಯ ಮಾಡಬೇಡಿ, ನನ್ನ ಜೊತೆ ಫೋನಿನಲ್ಲಿ ಮಾತಾಡಿಸಿ. ದೂರು ತೆಗೆದುಕೊಳ್ಳದಿದ್ದರೆ ಹಿಂಬರಹ, ಅಂದರೆ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಬರೆದ ಕಾಗದ, ಕೇಳಿ. ಅದನ್ನೂ ಕೊಡದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ನಾಗರಿಕ ಸುರಕ್ಷಾ ಸಂಹಿತೆಯ 173(4)ರಲ್ಲಿ ಆ ಹಕ್ಕು ಇದೆ. ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ, ಔಷಧಿ ಬಿಲ್ಲು, ಆ 20 ಸಾವಿರ ಬಂದ ಲೆಕ್ಕ, ಒಂದನ್ನೂ ಬಿಡದೆ ಒಂದು ಚೀಲಕ್ಕೆ ಹಾಕಿ ತನ್ನಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಕೋರ್ಟಿನಲ್ಲಿ ಸಿಗುತ್ತೇನೆ.