ಹೊಳೆಯುವ ಕತ್ತಿಯೋ, ಬೆಳಗುವ ಕತ್ತಿಯೋ? ಎಲ್‌ಇಡಿ ಆಯ್ಕೆಯಲ್ಲಿ ಎದುರಾದ ಪದಗಳು

ಎಲ್ಲರಿಗೂ ನಮಸ್ಕಾರ.

ಜಮಖಂಡಿ ತಾಲೂಕಿನ ನಮ್ಮೂರಿನ ದೊಡ್ಡಾಟದ ಮೇಳದವರು, ಯುದ್ಧದ ಸನ್ನಿವೇಶದಲ್ಲಿ ರಂಗದ ದೀಪಗಳನ್ನು ತಗ್ಗಿಸಿದಾಗ ತಾವಾಗಿಯೇ ಬೆಳಗುವಂಥ ನಾಲ್ಕು ಕತ್ತಿಗಳನ್ನು ಮಾಡಿಕೊಡಬೇಕೆಂದು ಕೇಳಿದರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ಒಪ್ಪಿಕೊಂಡೆ. ಕತ್ತಿಗಳು ಈಗ ಸಿದ್ಧವಾಗಿವೆ. ಬೇರೆ ಊರಿನ ಹುಡುಗರೂ ಇವನ್ನು ತಾವೇ ಮಾಡಿಕೊಳ್ಳಲು ಅನುಕೂಲವಾಗಲೆಂದು ಎರಡು ಪುಟಗಳ ಕನ್ನಡ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕತ್ತಿ ಮಾಡುವುದಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ದಿನಗಳನ್ನು ಈ ಎರಡು ಪುಟಗಳು ತೆಗೆದುಕೊಂಡಿವೆ, ಅದಕ್ಕೆ ಕಾರಣ ನಾವೆಲ್ಲ ದಿನವೂ ಆಡುವ ‘ಬ್ರೈಟ್’ ಎಂಬ ಒಂದು ಮಾತು. ಇದರೊಳಗೆ ಕನಿಷ್ಠ ಮೂರು ಬೇರೆ ಬೇರೆ ಅರ್ಥಗಳು ಸೇರಿಕೊಂಡಿವೆ ಎಂಬುದು ನನಗೆ ಹಣ ಕಳೆದುಕೊಂಡ ಮೇಲೆ ತಿಳಿಯಿತು. ಆ ಮೂರಕ್ಕೂ ಮೂರು ಕನ್ನಡ ಪದಗಳನ್ನು ನಿಲ್ಲಿಸಬಹುದೇ ಎಂಬುದೇ ನನ್ನ ಪ್ರಶ್ನೆ.

ನಡೆದದ್ದು ಹೀಗೆ. ಅಂಗಡಿಯೊಂದಕ್ಕೆ ಹೋಗಿ "ಭಾಳ ಬ್ರೈಟ್ ಇರೂ ಎಲ್‌ಇಡಿ ಕೊಡ್ರಿ" ಎಂದೆ. ಅಲ್ಲಿನವರು "ಇದಕ್ಕಿಂತ ಬ್ರೈಟ್ ಬರೂದಿಲ್ಲ ನೋಡ್ರಿ ಸರ" ಎಂದು 5 ಮಿಲಿಮೀಟರ್ ಗಾತ್ರದ, 20,000 ಮಿಲಿಕ್ಯಾಂಡೆಲಾ ಎಂದು ಬರೆದಿದ್ದ ಎಲ್‌ಇಡಿಗಳನ್ನು ಕೊಟ್ಟರು. ಅವರು ಸುಳ್ಳು ಹೇಳಿರಲಿಲ್ಲ. ಅಂಗೈ ಮೇಲೆ ಹಿಡಿದು ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಅಂಥ ಆರನ್ನು ಹಿಡಿಕೆಯೊಳಗೆ ಕೂಡಿಸಿ, ಅಲಗಿನ ಜಾಗದಲ್ಲಿ ಮಬ್ಬು ಹಾಳೆ ಸುತ್ತಿದ ಪಾಲಿಕಾರ್ಬೊನೇಟ್ ಕೊಳವೆ ಹಾಕಿ ತಾಲೀಮಿಗೆ ಒಯ್ದಾಗ, ಮೇಳದ ಹಿರಿಯರೊಬ್ಬರು "ಮಿಣುಕು ಹುಳಾ ಒಳಗ ಹೊಕ್ಕಂಗ ಆಗೇತಿ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು, ತಪ್ಪಿದ್ದು ನಾನು ಕೇಳಿದ ಪದ.

ಕ್ಯಾಂಡೆಲಾ ಎಂಬುದು ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ಒತ್ತಾಗಿ ಹೋಗುತ್ತದೆ ಎಂಬುದರ ಅಳತೆ. ಲ್ಯೂಮೆನ್ ಎಂಬುದು ಎಲ್ಲ ದಿಕ್ಕಿಗೂ ಸೇರಿ ಒಟ್ಟು ಎಷ್ಟು ಬೆಳಕು ಹೊರಬರುತ್ತದೆ ಎಂಬುದರ ಅಳತೆ. ಕಬ್ಬಿಗೆ ನೀರು ಹಾಯಿಸುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಇನ್ನೂ ನಾಲ್ಕು ಸಾಲು ಆಚೆ ಹಾರುತ್ತದೆ, ಆದರೆ ಮೋಟರು ಎತ್ತುವ ನೀರು ಅದರಿಂದ ಒಂದು ಹನಿಯೂ ಹೆಚ್ಚುವುದಿಲ್ಲ. ನಾನು ತಂದ ಎಲ್‌ಇಡಿಯ ಬೆಳಕಿನ ಕೋನ 15 ಡಿಗ್ರಿ. 20,000 ಮಿಲಿಕ್ಯಾಂಡೆಲಾ ಎಂದರೆ 20 ಕ್ಯಾಂಡೆಲಾ, ಅದನ್ನು ಅಷ್ಟು ಕಿರಿದಾದ ಕೋನದಲ್ಲಿ ಲೆಕ್ಕ ಹಾಕಿದರೆ ಒಟ್ಟು ಬೆಳಕು ಹೆಚ್ಚುಕಡಿಮೆ ಒಂದೇ ಲ್ಯೂಮೆನ್ ಆಗುತ್ತದೆ, ಆರು ಸೇರಿದರೂ ಆರು. ಇದಕ್ಕೆ ಪ್ರತಿಯಾಗಿ 1 ವ್ಯಾಟಿನ ಬಿಳಿ ಎಲ್‌ಇಡಿಯೊಂದೇ 100 ಲ್ಯೂಮೆನ್‌ನ ಆಸುಪಾಸು ಕೊಡುತ್ತದೆ. ಹೀಗಿರುವಾಗ ಎರಡನ್ನೂ ‘ಪ್ರಕಾಶಮಾನ’ ಎಂಬ ಒಂದೇ ಪದದಿಂದ ಬಣ್ಣಿಸುವ ಕೈಪಿಡಿ, ಓದುವ ಹುಡುಗನನ್ನು ನಾನು ಹೋದ ಅಂಗಡಿಗೇ ಕಳಿಸುತ್ತದೆ.

ನನ್ನ ಮೊದಲ ಸಲಹೆ ಇದು. ಒಟ್ಟು ಪ್ರಮಾಣಕ್ಕೆ ‘ಬೆಳಕು’ ಎಂಬ ಪದವನ್ನೇ ಉಳಿಸಿಕೊಂಡು ‘100 ಲ್ಯೂಮೆನ್ ಬೆಳಕು’ ಎನ್ನೋಣ. ಒಂದು ದಿಕ್ಕಿನ ಒತ್ತಿಗೆ ‘ಪ್ರಖರತೆ’ ಎನ್ನೋಣ. ‘ಖರ’ ಎಂದರೆ ಚೂಪು, ತೀಕ್ಷ್ಣ. ನಾವು ಪ್ರಖರ ಬಿಸಿಲು ಎನ್ನುತ್ತೇವೆ, ಪ್ರಖರ ಟೀಕೆ ಎನ್ನುತ್ತೇವೆ, ಪ್ರಖರ ಬೆಳದಿಂಗಳು ಎನ್ನುವುದಿಲ್ಲ. ಬೆಳದಿಂಗಳು ಹೊಲವನ್ನೆಲ್ಲ ತುಂಬಿದ್ದರೂ ಅದು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಚುಚ್ಚುವ ಗುಣವೇ ಕ್ಯಾಂಡೆಲಾ ಅಳೆಯುವ ಗುಣಕ್ಕೆ ಹತ್ತಿರವಾದದ್ದು. ಶಾಲಾ ಪಾಠಗಳಲ್ಲಿ ಇದಕ್ಕೆ ‘ಬೆಳಕಿನ ತೀವ್ರತೆ’ ಎಂಬ ಮಾತು ಬಳಕೆಯಲ್ಲಿದೆ. ಅದು ತಪ್ಪಲ್ಲವಾದರೂ, ತೀವ್ರತೆ ಎಂದೊಡನೆ ಹುಡುಗರು ‘ಜಾಸ್ತಿ ಬೆಳಕು’ ಎಂದೇ ತಿಳಿಯುವುದನ್ನು ತರಗತಿಯಲ್ಲಿ ಪ್ರತಿ ವರ್ಷ ಕಾಣುತ್ತಿದ್ದೇನೆ.

ನನ್ನ ಎರಡನೆಯ ಸಲಹೆ ‘ಹೊಳಪು’ ಎಂಬ ಪದದ ಬಗ್ಗೆ. ಹೊಳೆಯುವ ಕತ್ತಿ ಎಂದು ಬರೆದರೆ ಏನು ಕೆಟ್ಟಿತು ಎಂದು ಕೆಲವರು ಕೇಳಿದ್ದಾರೆ. ನಮ್ಮ ಮೇಳದ ಹಳೆಯ ಕತ್ತಿಗಳು ಕಟ್ಟಿಗೆಯವು, ಅವುಗಳ ಮೇಲೆ ಬೇಗಡೆ ಹಾಳೆ ಅಂಟಿಸುತ್ತಿದ್ದರು. ಮೊದಲು ಹಿಲಾಲಿನ ಬೆಳಕಿಗೆ, ಆಮೇಲೆ ಗ್ಯಾಸಬತ್ತಿಯ ಬೆಳಕಿಗೆ ಅವು ಹೊಳೆಯುತ್ತಿದ್ದವು. ಆ ಹೊಳಪು ಎರವಿನದು, ಎದುರಿಗೆ ದೀಪವಿಲ್ಲದಿದ್ದರೆ ಆ ಕತ್ತಿಗೂ ಹೊಳಪಿಲ್ಲ. ತಿಕ್ಕಿದ ತಾಮ್ರದ ತಂಬಿಗೆ ಹೊಳೆಯುವುದೂ, ಎಣ್ಣೆ ಹಚ್ಚಿದ ಕೂದಲು ಹೊಳೆಯುವುದೂ, ಗುಳೇದಗುಡ್ಡದ ಖಣದ ಅಂಚು ಹೊಳೆಯುವುದೂ ಹಾಗೆಯೇ. ಆದ್ದರಿಂದ ಒಳಗೆ ದೀಪವುಳ್ಳ ಕತ್ತಿಯನ್ನು ‘ಬೆಳಗುವ ಕತ್ತಿ’ ಎನ್ನಬೇಕೆಂಬುದು ನನ್ನ ಅಭಿಪ್ರಾಯ.

ಈ ಗೆರೆ ಪೂರ್ತಿ ನೇರವಾಗಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಮಿಂಚು ಹೊಳೆಯುತ್ತದೆ ಎನ್ನುತ್ತೇವೆ, ಮಿಂಚಿನ ಬೆಳಕು ಅದರದ್ದೇ. ಇತ್ತ ‘ಬೆಳಗು’ ಎಂಬ ಪದಕ್ಕೂ ಎರಡು ಮುಖಗಳಿವೆ, ಪಾತ್ರೆಯನ್ನು ಬೆಳಗುವುದೆಂದರೆ ಅದಕ್ಕೆ ಹೊಳಪು ಬರಿಸುವುದು. ಆದರೂ ದೀಪ ಬೆಳಗುತ್ತದೆ, ಕನ್ನಡಿ ಹೊಳೆಯುತ್ತದೆ ಎಂಬ ಜೋಡಿಯನ್ನು ಅದಲುಬದಲು ಮಾಡಿ ನೋಡಿದರೆ ಕಿವಿಗೆ ಎಲ್ಲಿ ಒಪ್ಪುವುದಿಲ್ಲವೋ ಅಲ್ಲಿಯೇ ವ್ಯತ್ಯಾಸವಿದೆ. ಕನ್ನಡಿ ಬೆಳಗುತ್ತದೆ ಎಂದು ಯಾರೂ ಹೇಳಲಾರರು.

ಕತ್ತಿಯ ವಿಷಯದಲ್ಲಿ ‘ಝಳಪಿಸು’ ಎಂಬ ಪದವನ್ನು ಬಿಟ್ಟು ಮಾತಾಡುವಂತಿಲ್ಲ. ಕತ್ತಿಯನ್ನು ಬೀಸುವುದು ಮತ್ತು ಬೀಸುವಾಗ ಅಲಗಿನ ಮೇಲೆ ಬೆಳಕು ಹಾಯುವುದು, ಈ ಎರಡೂ ಒಂದೇ ಪದದಲ್ಲಿ ಕಣ್ಣಿಗೆ ಕಟ್ಟುತ್ತವೆ. ವಿಚಿತ್ರವೆಂದರೆ ಒಳಗಿನಿಂದ ಬೆಳಗುವ ಕತ್ತಿ ಹೀಗೆ ಝಳಪಿಸುವುದಿಲ್ಲ. ಅದು ಹೇಗೆ ತಿರುಗಿಸಿದರೂ ಒಂದೇ ಸಮನೆ ಕಾಣುತ್ತದೆ. ಮೇಳದ ಪಾತ್ರಧಾರಿಗಳಿಗೆ ಇದೇ ಕೊರತೆಯಾಗಿ ತೋರಿದ್ದರಿಂದ, ಕೊಳವೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಬೇಗಡೆಯ ಸಣ್ಣ ಪಟ್ಟಿಯನ್ನು ಅಂಟಿಸಿದೆ. ಅಲ್ಲಿಗೆ ಒಂದೇ ಕತ್ತಿಯಲ್ಲಿ ಬೆಳಗುವುದೂ ಹೊಳೆಯುವುದೂ ಕೂಡಿಬಂದವು.

‘ಹೈ ಪವರ್’ ಎಂಬುದನ್ನು ಹಲವರು ‘ಅಧಿಕ ಶಕ್ತಿಯ’ ಎಂದು ಕನ್ನಡಿಸುತ್ತಾರೆ. ನಮ್ಮ ಪಠ್ಯಗಳಲ್ಲಿ ಶಕ್ತಿಯ ಮಾನ ಜೂಲ್, ಸಾಮರ್ಥ್ಯದ ಮಾನ ವ್ಯಾಟ್. ಹಾಗಾಗಿ ‘ಅಧಿಕ ಸಾಮರ್ಥ್ಯದ’ ಎಂಬುದೇ ಶಾಸ್ತ್ರಕ್ಕೆ ಸರಿ. ಆದರೆ ಅಂಗಡಿಯಲ್ಲಿ ನಿಂತ ಹುಡುಗನಿಗೆ ‘ಒಂದು ವ್ಯಾಟಿನ ಎಲ್‌ಇಡಿ’, ‘ಮೂರು ವ್ಯಾಟಿನ ಎಲ್‌ಇಡಿ’ ಎಂಬುದಕ್ಕಿಂತ ಸ್ಪಷ್ಟವಾದ ಮಾತು ಬೇರೆಯಿಲ್ಲ. ಸಾಧಾರಣ 5 ಮಿಲಿಮೀಟರ್ ಎಲ್‌ಇಡಿಗೆ 20 ಮಿಲಿಆಂಪಿಯರ್ ಸಾಕು, 1 ವ್ಯಾಟಿನದಕ್ಕೆ 350, 3 ವ್ಯಾಟಿನದಕ್ಕೆ ಸಾಮಾನ್ಯವಾಗಿ 700 ಬೇಕು. ವಿಭವಾಂತರ, ರೋಧಕ ಎಂಬ ಪದಗಳು ಹತ್ತನೆಯ ತರಗತಿ ಓದಿದವರಿಗೆಲ್ಲ ಗೊತ್ತಿರುವುದರಿಂದ ಅವನ್ನು ಹಾಗೆಯೇ ಬಳಸಿದ್ದೇನೆ: 1 ವ್ಯಾಟಿನ ಕೆಂಪು ಎಲ್‌ಇಡಿಗೆ ಸುಮಾರು 2.3 ವೋಲ್ಟ್ ಸಾಕಾಗುವುದರಿಂದ, ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುವ ಲಿಥಿಯಂ ಸೆಲ್ಲಿನ ಜೊತೆ 5.6 ಓಮ್‌ನ, 1 ವ್ಯಾಟಿಗೆ ಕಡಿಮೆಯಿಲ್ಲದ ರೋಧಕವನ್ನು ಹಾಕಬೇಕು. ನೀಲಿ, ಹಸಿರು, ಬಿಳಿ ಎಲ್‌ಇಡಿಗಳಿಗೆ 3 ವೋಲ್ಟ್‌ಗಿಂತ ಮೇಲೆ ಬೇಕಾದ್ದರಿಂದ ಲೆಕ್ಕ ಬೇರೆಯಾಗುತ್ತದೆ. ಎಲ್‌ಇಡಿಗೆ ಹೋಗುವ ವಿದ್ಯುತ್ತನ್ನು ಹದದಲ್ಲಿಡುವ ‘ಡ್ರೈವರ್’ ಎಂಬುದನ್ನು ಮಾತ್ರ ಡ್ರೈವರ್ ಎಂದೇ ಬಿಟ್ಟಿದ್ದೇನೆ. ‘ಚಾಲಕ’ ಎಂದರೆ ಬಸ್ಸಿನವನು ನೆನಪಾಗುತ್ತಾನೆ.

ಬಣ್ಣದ ವಿಷಯದಲ್ಲಿಯೂ ‘ಬ್ರೈಟ್’ ಮೋಸ ಮಾಡುತ್ತದೆ. ಲ್ಯೂಮೆನ್, ಕ್ಯಾಂಡೆಲಾ ಎರಡೂ ಮನುಷ್ಯನ ಕಣ್ಣಿನ ಗ್ರಹಿಕೆಯನ್ನು ಲೆಕ್ಕಕ್ಕೆ ಹಿಡಿದ ಅಳತೆಗಳು. ಹಗಲಿನ ಕಣ್ಣಿಗೆ 555 ನ್ಯಾನೊಮೀಟರ್ ತರಂಗಾಂತರದ ಹಸಿರು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುತ್ತದೆ, 470 ನ್ಯಾನೊಮೀಟರ್‌ನ ನೀಲಿ ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಒಂದೇ ವ್ಯಾಟಿನ ಹಸಿರು ಮತ್ತು ನೀಲಿ ಎಲ್‌ಇಡಿಗಳ ಚೀಟಿಯಲ್ಲಿ ಲ್ಯೂಮೆನ್ ಬೇರೆ ಬೇರೆ ಇರುವುದಕ್ಕೆ ಮುಖ್ಯ ಕಾರಣ ಇದೇ. ಆದರೆ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅದರ ಒಲವು 507 ನ್ಯಾನೊಮೀಟರ್‌ನ ಕಡೆಗೆ, ಅಂದರೆ ನೀಲಿಯ ಬದಿಗೆ ಸರಿಯುತ್ತದೆ. ಆದ್ದರಿಂದ ಚೀಟಿಯಲ್ಲಿ ಬಡವಾಗಿ ಕಾಣುವ ನೀಲಿ ಕತ್ತಿ ರಾತ್ರಿಯ ಬಯಲಿನಲ್ಲಿ ಅಷ್ಟು ಬಡವಾಗಿರುವುದಿಲ್ಲ. ಕೃಷ್ಣನ ಪಾತ್ರದ ಪಕ್ಕದಲ್ಲಿ ಹಿಡಿಯುವ ಕತ್ತಿಗೆ ನೀಲಿಯನ್ನೇ ಉಳಿಸಿಕೊಂಡದ್ದಕ್ಕೆ ನನಗೆ ಸಮಾಧಾನವಿದೆ.

ಕೈಪಿಡಿಯಲ್ಲಿ ನನ್ನನ್ನು ಬಹಳ ಕಾಡಿದ ಕ್ರಿಯಾಪದ ‘ಆರಿಸು’. ಮೊದಲ ಕರಡಿನಲ್ಲಿ ‘ಎಲ್‌ಇಡಿಯನ್ನು ಸರಿಯಾಗಿ ಆರಿಸಿ’ ಎಂದು ಬರೆದಿದ್ದೆ. ಒಬ್ಬ ಹುಡುಗ ಅದನ್ನು ಆಯ್ದುಕೊಳ್ಳಿ ಎಂದು ಓದಿದ, ಇನ್ನೊಬ್ಬ ‘ಬಂದ್ ಮಾಡ್ರಿ’ ಎಂದು ಓದಿದ, ಮೂರನೆಯವನು ಚಹಾ ಆರಿಸುವ ಹಾಗೆ ಕಾವು ಇಳಿಸಬೇಕು ಎಂದು ತಿಳಿದ. ಮೂರೂ ಕನ್ನಡದಲ್ಲಿ ಸಲ್ಲುವ ಅರ್ಥಗಳೇ, ಮತ್ತು ಹೆಚ್ಚು ವ್ಯಾಟಿನ ಎಲ್‌ಇಡಿಗೆ ಮೂರೂ ಅಗತ್ಯ. ಈಗ ಆಯ್ಕೆಗೆ ‘ಆಯ್ದುಕೊಳ್ಳಿ’, ನಿಲ್ಲಿಸುವುದಕ್ಕೆ ‘ಬಂದ್ ಮಾಡಿ’, ತಂಪಿಗೆ ‘ಕಾವು ಇಳಿಸಿ’ ಎಂದು ಬೇರ್ಪಡಿಸಿದ್ದೇನೆ. 1 ವ್ಯಾಟಿನ ಎಲ್‌ಇಡಿಯಲ್ಲಿ ಬೆಳಕಾಗದೆ ಉಳಿದ ಪಾಲು ಕಾವಾಗಿಯೇ ಆ ಸಾಸಿವೆಗಾತ್ರದ ಚಿಪ್ಪಿನಲ್ಲಿ ನಿಲ್ಲುತ್ತದೆ. ಅದನ್ನು ಅಲ್ಯೂಮಿನಿಯಂಗೆ ದಾಟಿಸದಿದ್ದರೆ ಬೆಳಕು ಕುಗ್ಗಿ, ಕೊನೆಗೆ ಎಲ್‌ಇಡಿಯೇ ಸುಡುತ್ತದೆ. ‘ಹೀಟ್ ಸಿಂಕ್’ ಎಂಬುದಕ್ಕೆ ‘ಶಾಖಹೀರುಕ’ ಎಂದು ಕೆಲವೆಡೆ ನೋಡಿದ್ದೇನೆ. ಆ ಲೋಹ ಕಾವನ್ನು ಹೀರಿ ಇಟ್ಟುಕೊಳ್ಳುವುದಿಲ್ಲ, ಗಾಳಿಗೆ ಬಿಟ್ಟುಕೊಡುತ್ತದೆ. ‘ಕಾವಿಳಿಕೆ’ ಎಂದರೆ ಹೇಗೆ? ಇಳಿಕೆ ಎಂಬುದು ಕ್ರಿಯೆಯ ಹೆಸರಾದೀತೇ ಹೊರತು ವಸ್ತುವಿನದಲ್ಲ ಎಂಬ ಆಕ್ಷೇಪ ನನಗೇ ಇದೆ, ಆದರೂ ‘ಹಿಡಿಕೆ’ ವಸ್ತುವೇ ಅಲ್ಲವೇ ಎಂಬ ಧೈರ್ಯವೂ ಇದೆ.

ಇನ್ನು ನಾನು ಪದ ಕಾಣದೆ ನಿಂತಿರುವ ಮೂರನೆಯ ಅರ್ಥಕ್ಕೆ ಬರುತ್ತೇನೆ. ಕತ್ತಿ ನೋಡುವವನ ಕಣ್ಣಿಗೆ ಮುಖ್ಯವಾದದ್ದು ಎಲ್‌ಇಡಿ ಕೊಡುವ ಒಟ್ಟು ಬೆಳಕಲ್ಲ, ಅದರ ಪ್ರಖರತೆಯೂ ಅಲ್ಲ, ಅಲಗಿನ ಮೈಯ ಪ್ರತಿ ಗೇಣೂ ಎಷ್ಟು ಬೆಳಗಿ ಕಾಣುತ್ತದೆ ಎಂಬುದು. ಇದರ ಮಾನ ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ. 80 ಸೆಂಟಿಮೀಟರ್ ಉದ್ದದ, 25 ಮಿಲಿಮೀಟರ್ ವ್ಯಾಸದ ಕೊಳವೆಯ ಮೈಯಿಂದ 100 ಲ್ಯೂಮೆನ್ ಬೆಳಕು ಸೋರದೆ, ಸಮನಾಗಿ ಹೊರಬಂದರೆ ಈ ಅಳತೆ ಸುಮಾರು 500 ಆಗುತ್ತದೆ, ಒಳ್ಳೆಯ ಮೊಬೈಲ್ ಪರದೆಯ ಹಾಗೆ. ವಾಸ್ತವದಲ್ಲಿ ಸೋರಿಕೆ ಕಳೆದು ಅದಕ್ಕಿಂತ ಸಾಕಷ್ಟು ಕಡಿಮೆಯೇ ಸಿಗುತ್ತದೆ. ನನ್ನ ಮೊದಲ ಆರು ಎಲ್‌ಇಡಿಗಳ ಕತ್ತಿಯಲ್ಲಿ ಅದು ಏನೂ ಸೋರದಿದ್ದರೂ 30ರಷ್ಟೇ ಇತ್ತು. ಮಿಣುಕು ಹುಳದ ಲೆಕ್ಕ ಅಲ್ಲಿ ತಾಳೆಯಾಯಿತು.

ಈ ಗುಣಕ್ಕೆ ‘ಕಾಂತಿ’ ಎನ್ನಬಹುದೇ? ಮುಖದ ಕಾಂತಿ, ಮುತ್ತಿನ ಕಾಂತಿ ಎನ್ನುವಾಗ ಅದು ಮೈಯ ಮೇಲೆ ಸಮನಾಗಿ ಹರಡಿದ ಬೆಳಕೇ, ಆದರೆ ಅದರಲ್ಲಿ ಸೌಂದರ್ಯದ ಭಾವ ಬೆರೆತಿರುವುದರಿಂದ ಅಳತೆಗೆ ಒಗ್ಗುವುದೋ ಇಲ್ಲವೋ ಎಂಬ ಸಂದೇಹವಿದೆ. ಕೆಂಡಕ್ಕೆ ಹೇಳುವ ‘ನಿಗಿನಿಗಿ’ ಅರ್ಥಕ್ಕೆ ತೀರಾ ಹತ್ತಿರ, ಏಕೆಂದರೆ ಕೆಂಡ ಒಳಗಿನಿಂದ, ಇಡೀ ಮೈಯಿಂದ ಬೆಳಗುತ್ತದೆ. ಆದರೆ ಅದು ಅನುಕರಣ ಪದ, ಅದರ ಮುಂದೆ ಸಂಖ್ಯೆ ನಿಲ್ಲದು. ನನ್ನ ಒಲವು ‘ಢಾಳ’ದ ಕಡೆಗಿದೆ. ನಮ್ಮ ಕಡೆ ‘ಢಾಳಾಗಿ ಕಾಣತೈತಿ’, ‘ಢಾಳ ಬಣ್ಣ’ ಎನ್ನುವಾಗ ದೂರದಿಂದ ನೋಡಿದವನಿಗೂ ವಸ್ತುವಿನ ಮೈ ಎದ್ದು ಕಾಣುವ ಗುಣವನ್ನೇ ಹೇಳುತ್ತೇವೆ. ‘ಈ ಕತ್ತಿಯ ಢಾಳ 250’ ಎಂದು ಬರೆದರೆ ಮೇಳದ ಹುಡುಗರಿಗೆ ತಿಳಿಯಿತು. ಮೈಸೂರು ಕಡೆಯ ಓದುಗರಿಗೆ, ಮಂಗಳೂರು ಕಡೆಯ ಯಕ್ಷಗಾನದವರಿಗೆ ತಿಳಿಯುವುದೇ?

ಬೆಳಗಾವಿ, ವಿಜಯಪುರ ಕಡೆಯ ದೊಡ್ಡಾಟ, ಶ್ರೀಕೃಷ್ಣ ಪಾರಿಜಾತದ ಹಿರಿಯ ಕಲಾವಿದರಲ್ಲಿ, ಅಥವಾ ಬಾದಾಮಿಯ ಬನಶಂಕರಿ ಜಾತ್ರೆಗೆ ಬಂದು ಬೀಡು ಬಿಡುವ ನಾಟಕ ಕಂಪನಿಗಳ ಬೆಳಕಿನ ಕೆಲಸದವರಲ್ಲಿ, ಗ್ಯಾಸಬತ್ತಿಯ ಕಾಲದಿಂದ ಬಂದ ಬೇರೆ ಮಾತುಗಳೇನಾದರೂ ಉಳಿದಿದ್ದರೆ ತಿಳಿದವರು ದಯವಿಟ್ಟು ಬರೆಯಬೇಕು. ಆ ಪದವನ್ನು ಯಾವ ಊರಿನಲ್ಲಿ, ಯಾವ ಕೆಲಸದವರ ಬಾಯಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದನ್ನೂ ಸೇರಿಸಿದರೆ ಉಪಕಾರವಾಗುತ್ತದೆ. ಸದ್ಯಕ್ಕೆ ಕೈಪಿಡಿಯಲ್ಲಿ ‘ಢಾಳ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.